ಬಂದರಿನಲ್ಲಿ ಎತ್ತಿದ ಕೈ, ತೋಟದಲ್ಲಿ ಹಾಕಿದ ಕಾಳು

ಮನುಷ್ಯಕುಲ ಇಲ್ಲಿಯವರೆಗೆ ಕಂಡುಕೊಂಡ ಆಡಳಿತ ಕ್ರಮಗಳಲ್ಲೆಲ್ಲ ಪ್ರಜಾಪ್ರಭುತ್ವವೇ ಉತ್ತಮವಾದದ್ದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಅದು ಟೀ ಎಸ್ಟೇಟಿನ ಗೇಟಿನ ಹೊರಗೆ ನಿಂತಿದ್ದಷ್ಟು ಕಾಲ ನನಗೂ ಅದಕ್ಕೂ ಯಾವ ತಕರಾರೂ ಇರಲಿಲ್ಲ. ಒಂದು ಮಳೆಗಾಲದಲ್ಲಿ ಅದು ಗೇಟು ದಾಟಿ ಒಳಗೆ ಬಂತು. ಅದೂ ದೆಹಲಿಯಿಂದಲೋ ತಿರುವನಂತಪುರದಿಂದಲೋ ಕ್ರಮಪ್ರಕಾರ ಬರದೆ, ಸಮುದ್ರದಾಚೆಯ ಒಂದು ಬಂದರಿನಿಂದ ಬಂತು. ಆ ಆಘಾತದಿಂದ ನಾನು ಪೂರ್ತಿ ಚೇತರಿಸಿಕೊಂಡಿದ್ದೇನೆ ಎಂದು ಇವತ್ತಿಗೂ ಹೇಳಲಾರೆ.

ಮಾನಂತವಾಡಿಯ ಮೇಲಿನ ಗುಡ್ಡಗಳಲ್ಲಿದ್ದ ಒಂದು ಟೀ ಎಸ್ಟೇಟಿನಲ್ಲಿ ನಾನು ವೆಲ್ಫೇರ್ ಆಫೀಸರ್ ಆಗಿದ್ದೆ. ನಮ್ಮದು ಕಾಟ್ಟಿಕುಳಂ ಕಡೆ ಅಜ್ಜನ ಅಜ್ಜನ ಕಾಲದಲ್ಲಿ ಬಂದು ನೆಲೆಸಿದ ಕನ್ನಡ ಮನೆತನ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಸಿಟ್ಟು ಬಂದಾಗ ಎರಡೂ. ಎಸ್ಟೇಟಿನ ಕೂಲಿಯವರಲ್ಲಿ ಬಹಳ ಮಂದಿ ಗುಂಡ್ಲುಪೇಟೆ, ಕೋಟೆ ಕಡೆಯಿಂದ ಬಂದವರಾದ್ದರಿಂದ ಅವರು ಏನು ಹೇಳಿ ಬೈಯುತ್ತಾರೆಂದು ತಿಳಿಯಲು ಕಂಪನಿಗೆ ಒಬ್ಬ ಬೇಕಾಗಿದ್ದ. ಹೀಗೆ ನನ್ನ ಮಾತೃಭಾಷೆ ನನಗೆ ಅನ್ನ ಕೊಟ್ಟಿತು. ಈಗ ನಿವೃತ್ತನಾಗಿ ಮೀನಂಗಡಿಯಲ್ಲಿ ಕೂತಿದ್ದೇನೆ. ಇಂಥದೇ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಬಂದು, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ಅವರಿಗಾಗಿ ಇದು. ಬಡ್ತಿಗಳ ವಿಷಯ ಬರೆಯುವುದಿಲ್ಲ. ಬಂದದ್ದು ಒಂದೇ, ಅದೂ ನನ್ನ ಮೇಲಿನವರು ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿ ಹೋದದ್ದರಿಂದ.

ವೆಲ್ಫೇರ್ ಆಫೀಸರ್ ಎಂಬ ಹುದ್ದೆಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಅವನನ್ನು ಇಟ್ಟುಕೊಳ್ಳಲೇಬೇಕು ಎಂದು ಕಾನೂನು ಹೇಳುತ್ತದೆ. ಕಂಪನಿ ಇಟ್ಟುಕೊಳ್ಳುತ್ತದೆ, ಛತ್ರಿ ಇಟ್ಟುಕೊಂಡಂತೆ. ಮಳೆ ಬಂದಾಗ ಮಾತ್ರ ಬಿಚ್ಚುತ್ತದೆ. ನನ್ನ ಕುರ್ಚಿ ಇದ್ದದ್ದು ಮ್ಯಾನೇಜರ ಕೋಣೆಯ ಬಾಗಿಲಿಗೂ ಕೂಲಿಯವರು ನಿಲ್ಲುವ ಜಗಲಿಗೂ ನಡುವೆ. ಒಳಗಿನ ಬೈಗುಳ ಹೊರಗೆ ಹೋಗುವಾಗಲೂ ಹೊರಗಿನದು ಒಳಗೆ ಹೋಗುವಾಗಲೂ ನನ್ನನ್ನು ದಾಟಿಯೇ ಹೋಗಬೇಕು. ಈ ವಾಸ್ತುವನ್ನು ರೂಪಿಸಿದವನು ಯಾರೋ, ಬುದ್ಧಿವಂತನೇ ಇರಬೇಕು.

ಮ್ಯಾನೇಜರನ್ನು ತೋಟದಲ್ಲಿ ದೊರೆ ಎನ್ನುವುದು ವಾಡಿಕೆ. ಬಿಳಿಯ ದೊರೆಗಳು ಹೋಗಿ ಬಹಳ ಕಾಲವಾಗಿತ್ತು. ಬಿರುದು ಮಾತ್ರ ಬಂಗಲೆಯಲ್ಲೇ ಉಳಿದಿತ್ತು. ನಮ್ಮ ದೊರೆ ಪಾಲಕ್ಕಾಡಿನವರು, ಕೆಟ್ಟವರಲ್ಲ. ಗುಲಾಬಿ ಗಿಡ ಬೆಳೆಸುತ್ತಿದ್ದರು. ತೋಟ ನಡೆಯುವುದು ಮಾತಿನಿಂದಲ್ಲ, ಸೀಟಿಯಿಂದ ಎಂಬುದು ಅವರ ಸಿದ್ಧಾಂತ. ನಾನು ಸೇರಿದ ಹೊಸತರಲ್ಲಿ ಕೂಲಿಯವರಿಗೆ ಕಂಬಳಿ ಹಂಚುವ ಕೆಲಸ ಬಂತು. ಕಂದು ಬಣ್ಣದ್ದು ಬೇಕೋ ಕಪ್ಪು ಬೇಕೋ ಎಂದು ನಾನು ಹೆಂಗಸರನ್ನು ಕೇಳಿದೆ. ಸಂಜೆ ದೊರೆ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ಎಡೋ ಶಿವಣ್ಣ, ನೀನು ಅವರನ್ನು *ಕೇಳಿದೆಯಂತೆ?*"

"ಬಣ್ಣ ಮಾತ್ರ ಸಾರ್."

"ಇವತ್ತು ಬಣ್ಣ. ನಾಳೆ?"

ನಾಳೆ ಏನೆಂದು ಅವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಆದರೆ ಅವರ ಮುಖದಲ್ಲಿದ್ದ ಗಾಬರಿ ನಿಜವಾದದ್ದು. ಕಂಬಳಿಗಳೆಲ್ಲ ಬೂದು ಬಣ್ಣದವು ಬಂದವು.

ಇನ್ನು ವಿಷಯಕ್ಕೆ ಬರುತ್ತೇನೆ. ವಯನಾಡು ಎಂಬ ಜಿಲ್ಲೆ ಆಗಷ್ಟೇ ಹುಟ್ಟಿದ ಕಾಲ. ನಮ್ಮ ಎಸ್ಟೇಟಿನ ಕೂಲಿಯವರ ಮನೆಗಳಿಗೆ, ಅಂದರೆ ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಕೋಣೆಗಳಿಗೆ, ಲೈನು ಎನ್ನುತ್ತಾರೆ. ಲೈನಿನವರು ಕುಡಿಯುವುದು ಗುಡ್ಡದಿಂದ ಇಳಿಯುವ ಹಳ್ಳದ ನೀರು. ಆ ಹಳ್ಳದಲ್ಲೇ, ಲೈನುಗಳಿಗಿಂತ ಮೇಲೆ, ಗಿಡದ ಹುಳಕ್ಕೆ ಹೊಡೆಯುವ ಔಷಧಿಯ ಡ್ರಮ್ಮುಗಳನ್ನು ತೊಳೆಯುತ್ತಿದ್ದರು. ಬೇಕೆಂದು ಮಾಡಿದ್ದಲ್ಲ. ಅಲ್ಲಿ ರಸ್ತೆ ಹತ್ತಿರ, ಲಾರಿ ನಿಲ್ಲಿಸಲು ಅನುಕೂಲ.

ಒಂದು ಬೆಳಿಗ್ಗೆ ಕೆಂಪಮ್ಮ ಎಂಬ ಎಲೆ ಕೀಳುವ ಹೆಂಗಸು ಜಗಲಿ ಹತ್ತಿ, ನನ್ನ ಕುರ್ಚಿಯನ್ನು ಕುರ್ಚಿಯೇ ಅಲ್ಲವೆಂಬಂತೆ ದಾಟಿ, ದೊರೆಯ ಮೇಜಿನ ಮೇಲೆ ಒಂದು ಚೊಂಬು ಇಟ್ಟಳು. ಅವಳ ಗಂಡ ಕೊಡಗಿಗೆ ಕೆಲಸಕ್ಕೆಂದು ಹೋದವನು ಬಂದಿರಲಿಲ್ಲ. ಎರಡು ಮಕ್ಕಳು, ಒಬ್ಬಳು ಅತ್ತೆ. ಅಲ್ಲಿಯವರೆಗೆ ಅವಳು ಆಫೀಸಿಗೆ ಬಂದದ್ದೇ ಇಲ್ಲ.

"ಕುಡೀರಿ ಬುದ್ದಿ," ಅಂದಳು.

ದೊರೆ ಚೊಂಬನ್ನು ನೋಡಿದರು, ನನ್ನನ್ನು ನೋಡಿದರು. "ಇದೆಂತಾಡೋ?"

"ನೀರು ಸಾರ್," ಅಂದೆ. ಇಂಥ ಸಂದರ್ಭಗಳಲ್ಲಿ ನನ್ನ ಉಪಯುಕ್ತತೆ ಅಷ್ಟೇ.

"ನಮ್ ಹಳ್ಳದ್ದು," ಅಂದಳು ಕೆಂಪಮ್ಮ. "ಮೇಲ್ಗಡ ಮರುಂದಿನ ಡ್ರಮ್ ತೊಳೀತಾರ, ಕೆಳಗ ನಮ್ ಮಕ್ಳು ಕುಡ್ದು ಹೊಟ್ಟೆ ಹಿಡ್ಕೊಂಡು ಒದ್ದಾಡ್ತವ. ಏನೂ ಆಗಲ್ಲ ಒಳ್ಳೆ ನೀರು ಅಂತ ಹೇಳ್ಕಳಿಸಿದ್ರಲ್ಲ, ಒಂದು ಗುಟುಕು ನೀವು ಕುಡ್ದು ತೋರ್ಸಿ. ಬಾಯಿ ಮುಚ್ಕೊಂಡು ಹೋಯ್ತೀನಿ."

ದೊರೆ ಕುಡಿಯಲಿಲ್ಲ. ಕುಡಿದಿದ್ದರೆ ಈ ಬರಹ ಇರುತ್ತಿರಲಿಲ್ಲ, ಪ್ರಾಯಶಃ ದೊರೆಯೂ. ಅವರು ಸೀಟಿಯನ್ನು ಕೈಗೆತ್ತಿಕೊಂಡು, ಕೋಣೆಯೊಳಗೆ ಊದುವುದು ಹೇಗೆಂದು ತಿಳಿಯದೆ ಮತ್ತೆ ಕೆಳಗಿಟ್ಟರು. ಆ ಮಧ್ಯಾಹ್ನವೇ ಕೆಂಪಮ್ಮನನ್ನು ಉದ್ಧಟತನಕ್ಕಾಗಿ ಕೆಲಸದಿಂದ ತೆಗೆದರು. ತೋಟದಲ್ಲಿ ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಮಕ್ಕಳೊಂದಿಗೆ ಮಳೆಯಲ್ಲಿ ಎಲ್ಲಿಗೆ ಹೋಗುತ್ತಾಳೆ ಎಂದು ನಾನು ಒಂದು ಮಾತು ಆಡಿದೆ. ಮಳೆಗಾಲ ಮುಗಿಯುವವರೆಗೆ ಇರಲಿ ಎಂದರು ದೊರೆ. ಈ ಔದಾರ್ಯಕ್ಕಾಗಿ ಅವರು ಆಮೇಲೆ ತುಂಬ ನೊಂದುಕೊಂಡರು.

ಅದಾಗಿ ಸ್ವಲ್ಪ ದಿನಕ್ಕೆ ವಿದೇಶಿ ಅತಿಥಿಯೊಬ್ಬರು ತೋಟ ನೋಡಲು ಬರುತ್ತಾರೆಂದು ಸುದ್ದಿ ಬಂತು. ನಮ್ಮ ಕಂಪನಿಯ ಹೆಡ್ ಆಫೀಸು ಇದ್ದ ಊರಿನವರೇ ಅಂತೆ. ಬಂಗಲೆಯಲ್ಲಿ ಪಿಂಗಾಣಿ ಬಟ್ಟಲುಗಳನ್ನು ತೊಳೆದರು. ಗುಲಾಬಿ ಕೊಯ್ದು ಹೂದಾನಿಯಲ್ಲಿಟ್ಟರು. ಕಲ್ಲಿಕೋಟೆಯ ಬಸ್ಸಿನಿಂದ ಇಳಿದವನು, ಚುರದ ಘಾಟಿ ರಸ್ತೆಯ ತಿರುವುಗಳಲ್ಲಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಳೆದುಕೊಂಡು ಸುಣ್ಣದಂತೆ ಬಿಳಿಚಿಕೊಂಡಿದ್ದ, ತೊಲೆಯಂಥ ತೋಳುಗಳ ಒಬ್ಬ ಆಳು. ಹೆಸರು ಹ್ಯಾರಿ. ಬಂದರಿನಲ್ಲಿ ಹಡಗಿನಿಂದ ಪೆಟ್ಟಿಗೆ ಇಳಿಸುವುದು ಅವನ ಕೆಲಸ. ಕೊಚ್ಚಿಯಲ್ಲಿ ಬಂದರು ಕೆಲಸಗಾರರ ಯಾವುದೋ ಸಮ್ಮೇಳನಕ್ಕೆ ಬಂದವನು. ನಮ್ಮ ಎಸ್ಟೇಟಿನ ಮುದ್ರೆಯಿದ್ದ ಟೀ ಪೆಟ್ಟಿಗೆಗಳನ್ನು ಜೀವನವಿಡೀ ಹೊತ್ತಿದ್ದೇನೆ, ಅವು ಹುಟ್ಟುವ ಜಾಗ ನೋಡಬೇಕು ಎಂದು ಬಂದಿದ್ದ.

ದೊರೆ ನನ್ನನ್ನು ಪಕ್ಕಕ್ಕೆ ಎಳೆದರು. "ಎಡೋ, ಇವನು ಕೂಲಿಯವನಾ?"

"ಹಾಗೆ ಕಾಣುತ್ತದೆ ಸಾರ್."

"ಅವರಲ್ಲೂ ಇದ್ದಾರಾ?"

ಅವರ ಆಘಾತವನ್ನು ನಾನು ಗೌರವಿಸುತ್ತೇನೆ. ಬಿಳಿಯ ಕೂಲಿಯವನನ್ನು ನಾನೂ ಅದೇ ಮೊದಲು ನೋಡಿದ್ದು. ಪಿಂಗಾಣಿ ಬಟ್ಟಲುಗಳನ್ನು ಮತ್ತೆ ಕಪಾಟಿನಲ್ಲಿಟ್ಟರು. ಅತಿಥಿಯನ್ನು ನನಗೆ ಒಪ್ಪಿಸಿದರು.

ಹ್ಯಾರಿ ಕಾರ್ಖಾನೆ ನೋಡಿದ ಮೇಲೆ ಕೆಲಸದವರ ಮನೆ ನೋಡಬೇಕೆಂದ. ಲೈನಿನ ತುದಿಯ ಕೋಣೆಯೇ ಕೆಂಪಮ್ಮನದು. ಹಗಲಲ್ಲಿ ಮನೆಯಲ್ಲಿ ಇದ್ದದ್ದೂ ಅವಳೊಬ್ಬಳೇ, ಕೆಲಸ ಇಲ್ಲವಲ್ಲ. ಬಂದವರಿಗೆ ಏನೂ ಕೊಡದೆ ಕಳಿಸುವುದು ಅವಳ ಮನೆಯ ರೂಢಿಯಲ್ಲ. ಬೆಲ್ಲ ಹಾಕಿದ ಕರಿ ಚಹಾ ಮಾಡಿ ಗಾಜಿನ ಲೋಟದಲ್ಲಿ ಕೊಟ್ಟಳು. ಹ್ಯಾರಿ ಅರ್ಧ ಕುಡಿದು ಮೂಗು ಸುಕ್ಕುಗಟ್ಟಿಸಿ, ಇದೇನು ವಾಸನೆ ಎಂದು ನನ್ನನ್ನು ಕೇಳಿದ.

ಕೆಂಪಮ್ಮ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಇಂಗ್ಲಿಷ್ ಬಾರದು, ಮೂಗು ಮಾತ್ರ ಎಲ್ಲ ದೇಶದಲ್ಲೂ ಒಂದೇ ರೀತಿ ಸುಕ್ಕುಗಟ್ಟುತ್ತದೆ.

"ಹೇಳಿ ಸಾರೇ," ಅಂದಳು. "ಅರ್ಧ ಕುಡ್ದವ್ನ. ಇನ್ನರ್ಧ ಕುಡಿಯಕ್ ಮುಂಚೆ ಹೇಳ್ಬುಡಿ, ಪಾಪ."

ಹೇಳಿದೆ. ಹ್ಯಾರಿ ಲೋಟವನ್ನು ಜಗಲಿಯ ಮೇಲಿಟ್ಟ. ಮಕ್ಕಳೂ ಇದನ್ನೇ ಕುಡಿಯುತ್ತಾರಾ ಎಂದ. ಕೇಳಿದೆ.

"ಇನ್ನೇನ ಕುಡೀತವ, ದೊರೆ ಬಂಗ್ಲೆಯ ಸೋಡಾನಾ?"

ಇದನ್ನು ಭಾಷಾಂತರಿಸಲಿಲ್ಲ, ಆದರೂ ಅರ್ಥವಾದಂತೆ ಕಂಡಿತು. ಅವಳ ಕೆಲಸ ಹೋದದ್ದೂ, ಕೋಣೆ ಹೋಗುವುದೂ ಆಮೇಲೆ ಹೊರಬಿತ್ತು. ಡ್ರಮ್ಮು ತೊಳೆಯುವ ಜಾಗಕ್ಕೆ ಹ್ಯಾರಿ ನಡೆದುಕೊಂಡು ಹೋದ. ಹಳ್ಳದ ಪಕ್ಕದಲ್ಲಿ ನಿಂತು ಕೇಳಿದ: ಇಲ್ಲಿ ತೊಳೆಯಬೇಕೆಂದು ತೀರ್ಮಾನಿಸುವವರು ಯಾರು? ಮ್ಯಾನೇಜರ್, ಎಂದೆ. ಮ್ಯಾನೇಜರಿಗೆ ಯಾರು ಹೇಳುತ್ತಾರೆ? ಹೆಡ್ ಆಫೀಸು. ಅದು ಎಲ್ಲಿದೆ?

"ನಿಮ್ಮ ಊರಿನಲ್ಲಿ," ಎಂದೆ.

ಅವನ ಮನೆಯಿಂದ ಆ ಕಟ್ಟಡಕ್ಕೆ ನಡೆದೇ ಹೋಗಬಹುದಂತೆ. ಪೆಟ್ಟಿಗೆ ಹುಟ್ಟುವ ಜಾಗ ಹುಡುಕಿಕೊಂಡು ಸಮುದ್ರ ದಾಟಿ ಬಂದರೆ ಕೆಂಪಮ್ಮನ ಹಳ್ಳದ ಕೀಲಿಕೈ ಅವನು ಹೊರಟ ಬೀದಿಯಲ್ಲೇ ಇದೆ. ಮರುದಿನ ಬಸ್ಸು ಹತ್ತಿ ಹೋದ. ಅಲ್ಲಿಗೆ ಮುಗಿಯಿತೆಂದು ನಾನು ಭಾವಿಸಿದೆ. ಬಂದವರು ಮರುಗುತ್ತಾರೆ, ಹೋಗುತ್ತಾರೆ. ವೆಲ್ಫೇರ್ ಆಫೀಸರ್ ಅದನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಳೆ ಜೋರಾಗಿದ್ದ ಒಂದು ದಿನ ದೊರೆ ಟೆಲಿಗ್ರಾಮ್ ಹಿಡಿದುಕೊಂಡು ನನ್ನ ಕುರ್ಚಿಯ ಹತ್ತಿರ ತಾವೇ ಬಂದರು. ಅದೇ ಮೊದಲ ಅಪಶಕುನ.

"ಶಿವಣ್ಣ, ಈ ಕೆಂಪಮ್ಮ ಎಂದರೆ *ನಮ್ಮ* ಕೆಂಪಮ್ಮನೇ?"

ನಮ್ಮ ಕೆಂಪಮ್ಮನೇ. ಹ್ಯಾರಿ ತನ್ನ ಬಂದರಿನ ಶೆಡ್ಡಿನಲ್ಲಿ, ಬೀಡಾಡಿಯಂತೆ ಬಿದ್ದಿದ್ದ ಒಂದು ಪೆಟ್ಟಿಗೆಯ ಮೇಲೆ ನಿಂತು, ತಾನು ಕುಡಿದ ಅರ್ಧ ಲೋಟ ಚಹಾದ ಕಥೆ ಹೇಳಿದ್ದ. ಆ ಪೆಟ್ಟಿಗೆಯ ಮೇಲೆ ನಮ್ಮ ಎಸ್ಟೇಟಿನ ಮುದ್ರೆಯೇ ಇತ್ತಂತೆ. ಅಲ್ಲಿ ಸೇರಿದ್ದ ಪೆಟ್ಟಿಗೆ ಇಳಿಸುವವರು ಕೈ ಎತ್ತಿ ತೀರ್ಮಾನಿಸಿದರು: ಆ ಹೆಂಗಸಿಗೆ ಕೆಲಸ ಮರಳಿ ಸಿಗುವವರೆಗೆ, ಆ ಲೈನಿನವರು ಕುಡಿಯುವ ನೀರಿಗೆ ಔಷಧಿ ಸೇರುವುದು ನಿಲ್ಲುವವರೆಗೆ ಈ ಮುದ್ರೆಯ ಪೆಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಟೀ ಹಡಗಿನಲ್ಲೇ ಉಳಿಯಿತು.

ಅಂತರರಾಷ್ಟ್ರೀಯ ರಾಜಕೀಯ ಎಂದರೆ ಕತ್ತು ಮುಚ್ಚುವ ಕೋಟು ಹಾಕಿದವರು ಉದ್ದನೆಯ ಮೇಜಿನ ಎರಡು ಬದಿಗೆ ಕೂತು, ನಡುವೆ ಹೂವಿನ ಬಟ್ಟಲು ಇಟ್ಟುಕೊಂಡು ಮಾಡುವಂಥದ್ದು ಎಂದೇ ನಾನು ನಂಬಿದ್ದೆ. ಪತ್ರಿಕೆಗಳಲ್ಲಿ ಬರುವ ಫೋಟೋ ಹಾಗೇ ಇರುತ್ತದೆ. ಬನಿಯನ್ನಿನಲ್ಲಿ ನಿಂತ ಜನ ಶೆಡ್ಡಿನಲ್ಲಿ ಕೈ ಎತ್ತಿದರೆ ಅದರ ಗಾಳಿ ಗುಡ್ಡದ ಮೇಲಿನ ನಮ್ಮ ಫೋನಿನವರೆಗೆ ಬೀಸುತ್ತದೆ ಎಂದು ಯಾವ ಪರೀಕ್ಷೆಗೂ ನಾನು ಓದಿರಲಿಲ್ಲ. ಫೋನು ಬಡಿದುಕೊಳ್ಳತೊಡಗಿತು. ಹೆಡ್ ಆಫೀಸು. ಕೊಚ್ಚಿಯ ಏಜೆಂಟರು. ದೆಹಲಿಯ ಯಾರೋ ಒಬ್ಬರು: ಎರಡು ದೇಶಗಳ ನಡುವೆ ಟೀ ವ್ಯಾಪಾರದ ಮಾತುಕತೆ ನಡೆಯುತ್ತಿದೆ, ಆ ಕಡೆಯವರು ಒಂದು ಹಳ್ಳದ ವಿಷಯ ಎತ್ತಿದ್ದಾರೆ, ಆ ಹಳ್ಳ ಎಲ್ಲಿದೆ ದಯವಿಟ್ಟು ತಿಳಿಸಿ ಎಂದು. ಕಲ್ಪೆಟ್ಟದಲ್ಲಿ ಜಿಲ್ಲಾ ಕಛೇರಿಯ ಬಾಗಿಲುಗಳಿಗೆ ಹಚ್ಚಿದ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಅಲ್ಲಿಂದಲೂ ಒಬ್ಬ ಅಧಿಕಾರಿ ಬಹಳ ವಿನಯದಿಂದ ಕೇಳಿದರು, "ಕೆಂಪಮ್ಮ ಎಂಬ ವಿದೇಶಾಂಗ ವಿಷಯ ನಿಮ್ಮ ತೋಟದ್ದೇ?"

ಹೌದೆಂದೆ. ಹೊಸ ಜಿಲ್ಲೆಗೆ ಬಂದ ಮೊದಲ ವಿದೇಶಾಂಗ ವಿಷಯ ಆ ಹೊತ್ತಿಗೆ ಸೌದೆ ಆರಿಸುತ್ತಿದ್ದಳು.

ದೊರೆ ಸಂಜೆಯ ಹೊತ್ತು ಗುಲಾಬಿಗಳ ಮಧ್ಯೆ ನಿಂತು ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಅದು ಪೂರ್ತಿ ಅನ್ಯಾಯದ ಮಾತಲ್ಲ. "ನಮ್ಮವರು ಸ್ಟ್ರೈಕ್ ಮಾಡಿದರೆ ನನಗೆ ಅರ್ಥವಾಗುತ್ತದೆ. ಸರ್ಕಾರ ಕಾನೂನು ತಂದರೆ ಅರ್ಥವಾಗುತ್ತದೆ. ಇವರು ಯಾರು? ಇವರಿಗೆ ಯಾರು ವೋಟು ಹಾಕಿದರು? ಇವತ್ತು ಹಳ್ಳ ಸರಿಯಿಲ್ಲ ಅಂದರು. ನಾಳೆ ನಮ್ಮ ಮುಖ ಸರಿಯಿಲ್ಲ ಅಂದರೆ?"

ಸ್ವಲ್ಪ ದಿನದಲ್ಲೇ ಬಂದರಿನವರ ತೀರ್ಮಾನದ ಬಿಸಿ ನಮಗೇ ತಟ್ಟಿತು. ಕೊಚ್ಚಿಯ ಗೋದಾಮಿನಲ್ಲಿ ಪೆಟ್ಟಿಗೆಗೆ ಜಾಗವಿಲ್ಲವಾಯಿತು. ಕಾರ್ಖಾನೆಯನ್ನು ದಿನ ಬಿಟ್ಟು ದಿನ ನಡೆಸಿದರು. ಕಾರ್ಖಾನೆ ನಿಂತ ದಿನ ಎಲೆ ಕೀಳುವಂತಿಲ್ಲ, ಕೀಳದ ದಿನ ಕೂಲಿಯಿಲ್ಲ. ಲೈನಿನಲ್ಲಿ ಕೆಂಪಮ್ಮನನ್ನು ನೋಡುವ ಕಣ್ಣು ಬದಲಾಯಿತು. ಎಲೆ ಕೀಳುವವರನ್ನು ಗ್ಯಾಂಗುಗಳಾಗಿ ಒಬ್ಬೊಬ್ಬ ಮೇಸ್ತ್ರಿಯ ಕೈಗೆ ಕೊಟ್ಟಿರುತ್ತಾರೆ. ಅವರಲ್ಲಿ ದೊಡ್ಡ ಗಂಟಲಿನವನು ಮಾದಯ್ಯ ಮೇಸ್ತ್ರಿ. ಅಂಗಡಿಯ ಮುಂದೆ ಎಲ್ಲರಿಗೂ ಕೇಳುವಂತೆ ಕೂಗಿದ:

"ಏನ್ ಕೆಂಪಿ, ಸೀಮೆಯಿಂದ ಅಕ್ಕಿ ಬಂತಾ?"

"ಬಂದ್ರ ನಿಮ್ಗೂ ಒಂದ್ ಪಾವು ಕೊಡ್ತೀನಿ ಮೇಸ್ತ್ರಿ," ಅಂದಳು ಅವಳು. "ಆ ಹೊಟ್ಟೆಗ ಒಂದ್ ಪಾವು ಎಲ್ಲಿ ಸಾಕಾದ್ದು."

ಜನ ನಕ್ಕರು. ಆದರೆ ಆ ನಗು ಹಸಿದವರ ನಗು, ಬೇಗ ನಿಂತಿತು. ಕೆಂಪಮ್ಮ ಅವತ್ತು ಅಂಗಡಿಯಿಂದ ಏನನ್ನೂ ಕೊಳ್ಳದೆ ವಾಪಸು ಹೋದಳು.

ಆಗ ಬಂದರಿನಿಂದ ಎರಡನೆಯ ಟೆಲಿಗ್ರಾಮ್ ಬಂತು. ನನ್ನ ಪಾಲಿಗೆ ನಿಜವಾದ ಆಘಾತ ಅದೇ. ಅದರಲ್ಲಿ ಬರೆದಿತ್ತು: ನಿಮ್ಮವರ ಕೂಲಿ ಹೋಗುತ್ತಿದೆ ಎಂದು ತಿಳಿಯಿತು. ಹಸಿಯುವವರು ನೀವು, ಆದ್ದರಿಂದ ತೀರ್ಮಾನವೂ ನಿಮ್ಮದೇ. ಮುಂದುವರಿಸಬೇಕೋ ಬಿಡಬೇಕೋ ಒಬ್ಬೊಬ್ಬರೂ ಒಂದೊಂದು ಮತ ಹಾಕಿ ಹೇಳಿ, ಹೇಳಿದಂತೆ ಮಾಡುತ್ತೇವೆ, ಎಂದು. ಇಷ್ಟು ವರ್ಷ ನಮ್ಮ ಲೈನಿನವರಿಗೆ ಒಳ್ಳೆಯದು ಮಾಡಿದವರಿದ್ದಾರೆ, ಕೆಟ್ಟದ್ದು ಮಾಡಿದವರಿದ್ದಾರೆ. ಮಾಡುವ ಮೊದಲು ಕೇಳಿದವರನ್ನು ನಾನು ಕಂಡಿರಲಿಲ್ಲ. ಹೆಡ್ ಆಫೀಸು ಮತದಾನಕ್ಕೆ ತನ್ನ ಅಡ್ಡಿಯಿಲ್ಲ ಎಂದು ತಿಳಿಸಿತು. ಹಸಿದವರು ಬಿಡಿ ಎಂದೇ ಹೇಳುತ್ತಾರೆಂದು ಅವರ ಎಣಿಕೆ. ದೊರೆಗೂ ಅದೇ ಎಣಿಕೆ.

"ಮಾಡಿಸು ಶಿವಣ್ಣ," ಅಂದರು ಉಲ್ಲಾಸದಿಂದ. "ನಾವೇನು ಪ್ರಜಾಪ್ರಭುತ್ವದ ವಿರೋಧಿಗಳಾ?"

ಹೀಗೆ ನಾನು ಚುನಾವಣಾಧಿಕಾರಿಯಾದೆ. ಹೊಸಬರು ಗಮನವಿಟ್ಟು ಓದಬೇಕಾದ ಭಾಗ ಇದು.

ಮೊದಲ ಸಲ ಮತದಾನವನ್ನು ಮಸ್ಟರಿನಲ್ಲಿ ಇಟ್ಟುಕೊಂಡೆ. ಬೆಳಿಗ್ಗೆ ಹಾಜರಿ ಕೂಗುವ ಬಯಲು ಅದು. ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಮುಂದುವರಿಸಿ ಅನ್ನುವವರು ಬಲಕ್ಕೆ, ಬಿಡಿ ಅನ್ನುವವರು ಎಡಕ್ಕೆ ನಿಲ್ಲಬೇಕು ಎಂದು ಕನ್ನಡ, ಮಲಯಾಳ ಎರಡರಲ್ಲೂ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ದೊರೆ ಅಭ್ಯಾಸಬಲದಿಂದ ಸೀಟಿ ಊದಿದರು. ಸೀಟಿ ಕೇಳಿದ್ದೇ ತಡ, ಇಡೀ ಎಸ್ಟೇಟು ತನ್ನ ತನ್ನ ಮೇಸ್ತ್ರಿಯ ಹಿಂದೆ ನೆಟ್ಟಗೆ ಸಾಲಾಗಿ ನಿಂತಿತು, ಪ್ರತಿದಿನ ನಿಲ್ಲುವಂತೆ. ಬಲಕ್ಕೂ ಒಬ್ಬರಿಲ್ಲ, ಎಡಕ್ಕೂ ಒಬ್ಬರಿಲ್ಲ. ಹೆಜ್ಜೆ ಅವರದಲ್ಲ, ಸೀಟಿಯದು. ಮತ್ತೆ ವಿವರಿಸಿದೆ. ಮೇಸ್ತ್ರಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಮಾದಯ್ಯ ಮೂಗು ಒರೆಸಿಕೊಳ್ಳಲು ಅರ್ಧ ಹೆಜ್ಜೆ ಎಡಕ್ಕೆ ಸರಿದ. ಅವನ ಹಿಂದಿನ ಇಡೀ ಗ್ಯಾಂಗು ಅರ್ಧ ಹೆಜ್ಜೆ ಎಡಕ್ಕೆ ಸರಿಯಿತು. ಅವನು ಗಾಬರಿಯಾಗಿ ಹಿಂದಕ್ಕೆ ಬಂದ, ಗ್ಯಾಂಗೂ ಬಂತು. ಇದನ್ನು ಜನಾಭಿಪ್ರಾಯವೆಂದು ಸಮುದ್ರದಾಚೆಗೆ ತಿಳಿಸಲು ನನಗೆ ಧೈರ್ಯ ಬರಲಿಲ್ಲ.

ತೋಟದಲ್ಲಿ ಮನುಷ್ಯ ಒಂಟಿಯಾಗಿ ನಿಲ್ಲುವುದು ತೂಕದ ಶೆಡ್ಡಿನಲ್ಲಿ ಮಾತ್ರ ಎಂದು ಆಗ ನನಗೆ ಹೊಳೆಯಿತು. ಕಿತ್ತ ಎಲೆಯನ್ನು ಒಬ್ಬೊಬ್ಬರೇ ತಂದು ತೂಗಿಸುತ್ತಾರೆ. ಅಲ್ಲಿ ಗೋಣಿಯ ಪರದೆ ಕಟ್ಟಿ, ಹಿಂದೆ ಎರಡು ಬುಟ್ಟಿ ಇಟ್ಟು, ಎಲೆಯನ್ನೇ ಮತಪತ್ರ ಮಾಡಿದೆ. ಮುಂದುವರಿಸಿ ಅನ್ನುವವರು ಕೆಂಪು ಬಟ್ಟೆ ಕಟ್ಟಿದ ಬುಟ್ಟಿಗೆ, ಬಿಡಿ ಅನ್ನುವವರು ಬಿಳಿ ಬಟ್ಟೆಯದಕ್ಕೆ, ಒಂದೊಂದು ಚಿಗುರು. ನನ್ನ ಕಲ್ಪನಾಶಕ್ತಿಯನ್ನು ನಾನೇ ಮೆಚ್ಚಿಕೊಂಡೆ. ಮತದಾನ ಶಾಂತವಾಗಿ, ಗಂಭೀರವಾಗಿ ನಡೆಯಿತು. ಮುದುಕಿಯರು ಪರದೆಯ ಹಿಂದೆ ಹೋಗುವ ಮೊದಲು ಸೆರಗು ಸರಿಪಡಿಸಿಕೊಂಡರು. ಎಲ್ಲರದೂ ಮುಗಿದ ಮೇಲೆ ನಾನು ದೊರೆಯನ್ನು ಎಣಿಕೆಗೆ ಕರೆತರಲು ಆಫೀಸಿಗೆ ಹೋದೆ.

ವಾಪಸು ಬಂದಾಗ ಬುಟ್ಟಿಗಳಿರಲಿಲ್ಲ.

ತೂಕದ ಶೆಡ್ಡಿನಲ್ಲಿ ಎಲೆ ಇರುವ ಬುಟ್ಟಿ ಕಂಡರೆ ಅದನ್ನು ಲಾರಿಗೆ ಸುರಿಯುವುದು ಲೋಡಿಂಗ್‌ನವರ ಕೆಲಸ. ಸುರಿದಿದ್ದರು. ಬುಟ್ಟಿಗೆ ಬಟ್ಟೆ ಯಾಕೆ ಕಟ್ಟಿದೆ ಎಂದು ಯೋಚಿಸುವುದು ಅವರ ಕೆಲಸವಲ್ಲ. ನಾನು ಕಾರ್ಖಾನೆಗೆ ಓ‌ಡಿದೆ. ಮತದಾರರ ಅಭಿಪ್ರಾಯ ಅಷ್ಟು ಹೊತ್ತಿಗೆ ಬೇರೆಲ್ಲ ಎಲೆಯೊಂದಿಗೆ ಬಾಡಿಸುವ ತಟ್ಟೆಯ ಮೇಲೆ ಹರಡಿಕೊಂಡು ಬಿಸಿಗಾಳಿ ತಿನ್ನುತ್ತಿತ್ತು. ಟೀ ತಯಾರಿಸುವ ಮೇಲ್ವಿಚಾರಕರು ನನ್ನನ್ನು ನೋಡಿ, ಇವತ್ತಿನ ಎಲೆಯಲ್ಲಿ ಒಂದು ಪಾಲು ಬಹಳ ಚೆನ್ನಾಗಿದೆ, ಯಾವ ಗ್ಯಾಂಗಿನದು ಎಂದು ವಿಚಾರಿಸಿದರು. ಮತ ಹಾಕುವುದಕ್ಕೆಂದು ಹೆಂಗಸರು ಗಿಡದ ತುದಿಯ ಅತ್ಯುತ್ತಮ ಚಿಗುರನ್ನೇ ಆರಿಸಿದ್ದರು.

ಮಾನಂತವಾಡಿಯ ತಂತಿ ಕಛೇರಿಗೆ ನಾನೇ ಹೋದೆ. "ಮತಗಳು ಚಹಾ ಆಗಿವೆ. ಮತ್ತೆ ಮಾಡುತ್ತೇವೆ" ಎಂದು ಬರೆದುಕೊಟ್ಟೆ. ಗುಮಾಸ್ತ ಎರಡು ಸಲ ಓದಿ, "ಇದು ಹೀಗೆಯೇ ಹೋಗಬೇಕಾ?" ಎಂದ. ಹೀಗೆಯೇ, ಎಂದೆ.

ಮೂರನೆಯ ಸಲ ಅವರೆಕಾಳು ಮತ್ತು ಮಡಕೆ. ಮಡಕೆಯನ್ನು ಲಾರಿಗೆ ಸುರಿಯುವ ಪದ್ಧತಿ ತೋಟದಲ್ಲಿ ಇಲ್ಲವೆಂದು ಮೊದಲೇ ವಿಚಾರಿಸಿಕೊಂಡೆ. ಕೂಸುಗಳನ್ನು ಬಿಟ್ಟುಹೋಗುವ ಕೋಣೆಯಲ್ಲಿ, ಬಾಗಿಲು ಹಾಕಿ, ಒಬ್ಬೊಬ್ಬರೇ. ಹಿಂದಿನ ದಿನ ಒಂದು ಪ್ರಶ್ನೆ ಎದ್ದಿತ್ತು: ಕೆಂಪಮ್ಮನಿಗೆ ಮತವಿದೆಯೇ? ಕೆಲಸದಲ್ಲಿಲ್ಲ, ಇಲ್ಲ ಎಂದರು ದೊರೆ. ಜಗಳವೇ ಅವಳದು, ಇದೆ ಎಂದೆ ನಾನು. ಅವಳನ್ನೇ ಕರೆದು ಕೇಳಿದೆ.

"ಬ್ಯಾಡ ಸಾರೇ," ಅಂದಳು. "ನನ್ ಕೋಣೆ ಉಳೀಲಿ ಅಂತ ನಾನೇ ಕಾಳು ಹಾಕ್ಕೊಳದಾ? ನನ್ ದೆಸೆಯಿಂದ ಉಪಾಸ ಇರೋರು ಅವ್ರು. ಅವ್ರೇ ಹಾಕ್ಲಿ. ಬ್ಯಾಡ ಅಂದ್ರ ಗಂಟು ಕಟ್ತೀನಿ. ಯಾರ್ ಮ್ಯಾಲೂ ಕ್ವಾಪ ಇಲ್ಲ."

ಮತದಾನದ ಬೆಳಿಗ್ಗೆ ಅವಳು ನಿಜವಾಗಿಯೂ ಪಾತ್ರೆಗಳನ್ನು ತೊಳೆದು ಜಗಲಿಯಲ್ಲಿ ಬೋರಲು ಹಾಕಿ, ಪಕ್ಕದಲ್ಲಿ ಒಂದು ಹಳೆಯ ಸೀರೆ ಹಾಸಿದ್ದಳು. ಅತ್ತ ಮಾದಯ್ಯ ಮೇಸ್ತ್ರಿ ಕೋಣೆಯ ಹೊರಗೆ ನಿಂತು, ದೊರೆಗೆ ಚೆನ್ನಾಗಿ ಕೇಳುವ ದೂರದಲ್ಲಿ, ಭಾಷಣ ಮಾಡುತ್ತಿದ್ದ. "ನೋಡ್ಕಂಡ್ ಹಾಕಿ! ಒಬ್ಳಿಗೋಸ್ಕರ ಊರೆಲ್ಲ ಮಣ್ ತಿನ್ನಕ್ ಆಗಾದಿಲ್ಲ! ಸೀಮೆಯೋನಿಗೇನು, ಅವ್ನ ಮನೇಲಿ ಒಲೆ ಉರೀತದ!" ದೊರೆ ಮೆಚ್ಚುಗೆಯಿಂದ ತಲೆದೂಗಿದರು.

ಎಣಿಸಿದೆವು. ಮುಂದುವರಿಸಿ ಎಂಬ ಮಡಕೆ ಎತ್ತುವಾಗಲೇ ಭಾರವಾಗಿತ್ತು. ಬಿಡಿ ಎಂಬುದರ ತಳ ಕಾಣುತ್ತಿತ್ತು. ದೊರೆ ಮಡಕೆಯೊಳಗೆ ಕೈ ಹಾಕಿ ತಡವಿ ನೋಡಿದರು, ಕಾಳುಗಳು ಎಲ್ಲೋ ಅಂಟಿಕೊಂಡಿರಬಹುದೆಂದು. ನಾನೂ ಹಸಿವೇ ಗೆಲ್ಲುತ್ತದೆಂದು ನಂಬಿದ್ದವನು. ಜನರನ್ನು ಬಲ್ಲೆನೆಂಬ ನನ್ನ ಸಂಬಳದ ಆಧಾರವೇ ಕುಸಿದ ಹಾಗಾಯಿತು. ಹೊರಗೆ ಮಾದಯ್ಯ ಬೀಡಿ ಹಚ್ಚುತ್ತ ನಿಂತಿದ್ದ.

"ಮೇಸ್ತ್ರಿ, ಅಷ್ಟು ಕೂಗಿದಿರಿ, ನಿಮ್ಮ ಗ್ಯಾಂಗೇ ನಿಮ್ಮ ಮಾತು ಕೇಳಲಿಲ್ಲವಲ್ಲ," ಎಂದೆ.

"ನಾನೇ ಕೇಳ್ಳಿಲ್ಲ ಸಾರೇ, ಅವ್ರೇನ್ ಕೇಳ್ತಾರ." ಬಂಗಲೆಯ ಕಡೆ ಒಂದು ಸಲ ನೋಡಿ ಹೊಗೆ ಬಿಟ್ಟ. "ಕೂಗಿದ್ದು ದೊರೆಗ. ಕಾಳು ಹಾಕಿದ್ದು ನನ್ ಮಕ್ಳಿಗ. ಅವೂ ಅದೇ ನೀರೇ ಕುಡಿಯಾದು, ಅಲ್ವಾ?"

ಫಲಿತಾಂಶವನ್ನು ತಂತಿ ಮೂಲಕ ತಿಳಿಸಿದೆವು. ಇಲ್ಲಿಗೆ ಎಲ್ಲರೂ ಜಯಘೋಷ ಮಾಡಬೇಕಾದದ್ದು; ನಡೆದದ್ದು ಹಾಗಲ್ಲ. ನಮ್ಮ ಉತ್ತರ ತಲುಪಿದ ಮೇಲೆ ಬಂದರಿನವರು ತಾವೂ ಇನ್ನೊಮ್ಮೆ ಕೈ ಎತ್ತಬೇಕಾಯಿತು, ಯಾಕೆಂದರೆ ಅವರ ಧಣಿಗಳೂ ಅಷ್ಟರಲ್ಲಿ ಅವರ ಕೂಲಿಗೆ ಕತ್ತರಿ ಹಾಕುತ್ತೇವೆಂದು ಹೇಳಿದ್ದರು. ಈ ಸಲ ಎತ್ತಿದ ಕೈಗಳು ಅಷ್ಟು ಸಲೀಸಾಗಿ ಮೇಲೇಳಲಿಲ್ಲವಂತೆ. ಮೊದಲಿನ ತೀರ್ಮಾನ ಕೂದಲೆಳೆಯಷ್ಟರಲ್ಲಿ ಉಳಿಯಿತು. ಹ್ಯಾರಿ ಆಮೇಲೆ ನನಗೆ ಬರೆದ: ವಿರೋಧಿಸಿದವರಲ್ಲಿ ಅರ್ಧ ಜನಕ್ಕೆ ಕೆಂಪಮ್ಮನ ಮೇಲೆ ಏನೂ ಇಲ್ಲ, ತನ್ನ ಮೇಲೆ ಹಳೆಯ ಸಿಟ್ಟು. ಒಪ್ಪಿದವರಲ್ಲಿ ಒಬ್ಬ, ಮತವನ್ನು ಕುದಿಸಿ ಕುಡಿದುಬಿಟ್ಟು ಮತ್ತೆ ಮತ ಹಾಕುವಷ್ಟು ಹಠ ಇರುವ ಜನರನ್ನು ಬಿಟ್ಟುಕೊಡಬಾರದು ಎಂದು ಭಾಷಣ ಮಾಡಿದ್ದರಿಂದ ಕೆಲವು ಕೈ ಮೇಲೆದ್ದವು.

ಆ ಕೆಲವು ಕೈಗಳ ಬಗ್ಗೆ ನಾನು ಈಗಲೂ ಯೋಚಿಸುತ್ತೇನೆ. ಅವು ಎರಡು ಸರ್ಕಾರಗಳನ್ನೂ ಕೇಳದೆ, ಯಾವ ನಕ್ಷೆಯಲ್ಲೂ ಇಲ್ಲದ ಒಂದು ಹಳ್ಳವನ್ನು ಎರಡು ದೇಶಗಳ ನಡುವಿನ ವಿಷಯವಾಗಿಯೇ ಉಳಿಸಿದವು. ಲೋಡಿಂಗ್‌ನವರ ಒಂದು ತಪ್ಪು ಇಲ್ಲದಿದ್ದರೆ ಅವು ಏಳುತ್ತಿದ್ದವೋ ಇಲ್ಲವೋ. ಇಷ್ಟು ತೆಳುವಾದ ದಾರದ ಮೇಲೆ ಇಷ್ಟು ಭಾರ ನಿಲ್ಲುತ್ತದೆಂದು ತಿಳಿದ ಮೇಲೆ ಮನುಷ್ಯ ನೆಮ್ಮದಿಯಾಗಿ ನಿದ್ದೆ ಮಾಡುವುದು ಹೇಗೆ ಎಂದು ಹೊಸಬರು ನನ್ನನ್ನು ಕೇಳಬಾರದು. ದೊರೆಯ ಪ್ರಶ್ನೆ, ಇವರಿಗೆ ಯಾರು ವೋಟು ಹಾಕಿದರು ಎಂಬುದು, ಹಾಗೇ ಇದೆ. ನಮಗೆ ವೋಟು ಹಾಕಲು ಹೇಳಿದವರು ಆ ಬಂದರಿನವರು ಮಾತ್ರ ಎಂಬುದೂ ಹಾಗೇ ಇದೆ.

ಮಳೆಗಾಲ ಮುಗಿಯುವ ಮೊದಲೇ ಹೆಡ್ ಆಫೀಸಿನ ಆದೇಶ ಬಂತು. ಕೆಂಪಮ್ಮನನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡರು. ಕೋಣೆ ಅವಳಿಗೇ ಉಳಿಯಿತು. ಡ್ರಮ್ಮು ತೊಳೆಯುವ ಜಾಗವನ್ನು ನಮ್ಮ ಲೈನುಗಳ ಮೇಲಿನಿಂದ ಕೆಳಕ್ಕೆ ಬದಲಾಯಿಸಿದರು. ಅಲ್ಲಿಂದ ಹಳ್ಳ ಪಕ್ಕದ ತೋಟದ ಲೈನುಗಳ ಕಡೆಗೆ ಹರಿಯುತ್ತದೆ.